ಡೈರೆಕ್ಟರಿಯಲ್ಲಿ ನಾಲ್ಕು ಐತಪ್ಪ

ತೊಂಬತ್ತೆರಡರ ಮಂಗಳೂರು ಡೈರೆಕ್ಟರಿಯಲ್ಲಿ
‘ಐತಪ್ಪ ಕೆ.’ ಎಂದು ನಾಲ್ಕು ಸಾಲು.
ಮೂರನೆಯದು ನಾನು, ಲೈನ್‌ಮ್ಯಾನ್, ಜೆಪ್ಪು,
ಇಲಾಖೆ ಕೊಟ್ಟ ಪುಕ್ಕಟೆ ಫೋನು.
ಕೆ. ಎಂದರೆ ಒಬ್ಬನಿಗೆ ಕರ್ಕೇರ,
ಒಬ್ಬನಿಗೆ ಕೋಟ್ಯಾನ್, ಒಬ್ಬನಿಗೆ ಕುಂದರ್.
ನನಗೆ ಬರೀ ಕಾವೂರು, ಹುಟ್ಟಿದ ಊರು.

ಹೆಸರನ್ನು ಅಪ್ಪ ಹುಡುಕಿದ್ದಲ್ಲ.
ಪಂಚಾಂಗ ಹಿಡಿದು ನಮ್ಮ ಜಗಲಿಗೆ ಯಾರೂ ಹತ್ತುತ್ತಿರಲಿಲ್ಲ.
ಹುಟ್ಟಿದ್ದು ಐತಾರ, ಅಷ್ಟು ಸಾಕಾಯಿತು.
ಅಣ್ಣ ತುಕ್ರ, ಶುಕ್ರವಾರದವ. ತಮ್ಮ ಅಂಗಾರ.
ವಾರ ತುಂಬುವ ಮೊದಲೇ ಅಮ್ಮನಿಗೆ ಸಾಕಾಗಿತ್ತು.

ರಾತ್ರಿ ಎರಡಕ್ಕೆ ಫೋನು:
“ಐತಪ್ಪಣ್ಣ, ಬೇಗ ಧಕ್ಕೆಗೆ ಬನ್ನಿ, ರಾಟೆ ಕಚ್ಚಿಕೊಂಡಿದೆ!”
ಅದು ಬೋಳೂರಿನವ. ನಾಲ್ಕನೇ ಕ್ಲಾಸು ಫೇಲು.
ಗುಜರಿ ಜೀಪಿನ ಗೇರುಪೆಟ್ಟಿಗೆ ಬಿಚ್ಚಿ
ಬೋಟಿಗೆ ಬಲೆ ಎಳೆಯುವ ರಾಟೆ ಮಾಡಿದವ.
ಹತ್ತು ಜನರ ತೋಳು ಸೋಲುತ್ತಿದ್ದಲ್ಲಿ ಇಬ್ಬರು ಸಾಕಾಯಿತು;
ಉಳಿದ ಎಂಟು ಜನ ಒಂದಿಡೀ ಮಳೆಗಾಲ
ಅವನ ಜೊತೆ ಮಾತು ಬಿಟ್ಟರು.

ಬೆಳಗ್ಗೆ ಆರಕ್ಕೆ, ಇಂಗ್ಲಿಷಿನಲ್ಲಿ, ದೂರದ ಯಾವುದೋ ದೇಶದಿಂದ:
ಅದು ಬಿಜೈಯ ಡಾಕ್ಟರ್, ಸೂಜಿ ಚುಚ್ಚದ ಡಾಕ್ಟರ್.
ಹಂಚಿನ ಕಾರ್ಖಾನೆಯಲ್ಲಿ ಹಗಲು ಹಸಿ ಹಂಚು ಹೊತ್ತು
ರಾತ್ರಿ ಶಾಲೆಯಲ್ಲಿ ಕೆಮ್ಮಣ್ಣಿನ ಬೆರಳಲ್ಲೇ ಬರೆದವ.
ಗುರುಪುರ ಹೊಳೆಯ ಏಡಿಗಳ ಬಗ್ಗೆ ಮುನ್ನೂರು ಪುಟ.
ಒಂದು ಏಡಿಗೆ ಅವನದೇ ಹೆಸರಂತೆ, ಲ್ಯಾಟಿನ್ನಲ್ಲಿ.
ಹೋಟೆಲಿನಲ್ಲಿ ಏಡಿ ಸುಕ್ಕ ಬಂದರೆ
ಈಗಲೂ ಒಮ್ಮೆ ಬೆನ್ನು ಮಗುಚಿ ನೋಡುತ್ತೇನೆ.
ಆವತ್ತು “ಹೋಲ್ಡ್ ಆನ್” ಎಂದುಬಿಟ್ಟು
ಮುಂದೆ ಎಂತ ಹೇಳುವುದೆಂದು ತಿಳಿಯದೆ
ರಿಸೀವರ್ ಹಿಡಿದು ಸುಮ್ಮನೆ ನಿಂತಿದ್ದೆ,
ಅವರ ದುಡ್ಡು ಓಡುತ್ತಿತ್ತು.

ಮದುವೆಯ ತಿಂಗಳಲ್ಲಿ ಹೆಣ್ಣಿನ ಅಪ್ಪಂದಿರು:
“ಒಂಬತ್ತಕ್ಕೆ ದಿಬ್ಬಣ, ಮರೆಯಬೇಡಿ ಮಾರಾಯ್ರೇ!”
ಕಂಕನಾಡಿಯವ. ಬ್ಯಾಂಡಿನಲ್ಲಿ ಕ್ಲಾರಿನೆಟ್ಟು.
ಇಗರ್ಜಿಯ ಅಂಗಳ ಗುಡಿಸುತ್ತ
ಕ್ವಾಯರಿನ ಪಾಸ್ಕಲ್ ಮಾಸ್ಟ್ರ ಕಿಟಕಿಯ ಹೊರಗೆ ನಿಂತು ಸ್ವರ ಕಲಿತವ.
ಕಸಬರಿಕೆ ತಾಳ ಹಾಕುವುದು ಕೇಳಿ
ಮಾಸ್ಟ್ರು ಕಿಟಕಿ ಮುಚ್ಚಲಿಲ್ಲ.
ರೀಡು ಒಡೆದಾಗ ಮುಂಬಯಿಯಿಂದ ಬರುವ ತನಕ ಕಾಯದೆ
ಓಟೆ ಬಿದಿರು ಕೆತ್ತಿ ಕಟ್ಟಿದ;
ನಾದ ಸ್ವಲ್ಪ ಮೂಗಿನಲ್ಲಿ, ಆದರೆ ನಮ್ಮದು.

ಸುಂದರಿ ಕೊನೆಗೆ ಫೋನಿನ ಮೇಲಿನ ಗೋಡೆಗೆ
ಪೆನ್ಸಿಲಿನಲ್ಲಿ ಮೂರು ನಂಬರು ಬರೆದಿಟ್ಟಳು:
ಬೋಟು. ಏಡಿ. ಪೀಪಿ.
“ನಾನು?” ಎಂದೆ.
“ನೀವು ಮನೆಯಲ್ಲೇ ಇದ್ದೀರಲ್ಲ.”

ನಾನು ಎಸ್ಸೆಸ್ಸೆಲ್ಸಿ, ಎರಡನೇ ಸಲಕ್ಕೆ.
ಸೈಕಲ್ ಕಡ್ಡಿ ಬಗ್ಗಿಸಿ ಒಂದು ಕೊಕ್ಕೆ ಮಾಡಿದ್ದೆ,
ಆಟಿಯ ಮಳೆಗೆ ಕಂಬದ ಮೇಲೆ ಕೊಡೆ ತಾನೇ ನಿಲ್ಲುವಂತೆ,
ಎರಡೂ ಕೈ ತಂತಿಗೆ ಸಿಗುವಂತೆ.
ಇಂಜಿನಿಯರು ಮೆಮೊ ಕೊಟ್ಟರು: ಇಲಾಖೆಯ ಸಲಕರಣೆ ಅಲ್ಲ.
ಮರುವರ್ಷ ಪಾಂಡೇಶ್ವರದಿಂದ ಸುರತ್ಕಲ್‌ವರೆಗೆ
ಕಂಬಕಂಬಕ್ಕೂ ಕಪ್ಪು ಕೊಡೆ.

ಮೊನ್ನೆ ಪೇಪರಿನಲ್ಲಿ: ಐತಪ್ಪ ಕೆ. ನಿಧನ. ಫೋಟೊ ಇಲ್ಲ.
ಹಾಲಿನ ಲೂಸಿಬಾಯಿ ನನ್ನ ಬಾಗಿಲಲ್ಲಿ ಅಳುತ್ತ ನಿಂತಿದ್ದಳು.
ಚಿಲಕ ತೆಗೆದದ್ದು ನಾನೇ.
ಅವಳು ಬೈದದ್ದನ್ನು ಇಲ್ಲಿ ಬರೆಯಲಾಗದು.

ಮಧ್ಯಾಹ್ನ ಬೋಳೂರಿಗೆ ಹೋದೆ.
ಧ್ವನಿ ಮಾತ್ರ ಗೊತ್ತಿದ್ದವರ ಮುಖ ಅಲ್ಲಿತ್ತು.
ರಾಟೆಯಿಂದ ಕೆಲಸ ಹೋದ ಮುದುಕರೂ ಬಂದಿದ್ದರು,
ದೂರದಲ್ಲಿ, ಬೀಡಿ ಹೊತ್ತಿಸದೆ.
ಚಟ್ಟ ಎತ್ತಲು ಮಗ ಒಬ್ಬನೇ.
ಯಾರೋ ಕೂಗಿದರು: “ಐತಪ್ಪಣ್ಣ, ಒಂದು ಹೆಗಲು ಕೊಡಿ!”
ಮೂವರು ಮುಂದೆ ಬಂದೆವು.

ಡಾಕ್ಟರ್ ಎತ್ತರ, ಪೀಪಿಯವ ಗಿಡ್ಡ;
ಹತ್ತು ಹೆಜ್ಜೆಗೇ ಚಟ್ಟ ಅವನ ಕಡೆ ವಾಲಿತು.
ಮೇಲೆ ಮಲಗಿದವ ಎದ್ದಿದ್ದರೆ
ಯಾವುದಾದರೂ ಗೇರು ಹಾಕಿ ಸರಿಮಾಡುತ್ತಿದ್ದ.